‘ತಪ್ಪಿದರೆ ಏನು ಅಂತ ಬರೆದಿದೆಯೇನಯ್ಯಾ?’

ತುಮಕೂರಿನಲ್ಲಿ ಸೀನಿಯರ್ ವಕೀಲರ ಆಫೀಸಿಗೆ ಸೇರಿದ ಮೊದಲ ಆರು ತಿಂಗಳು ನನ್ನ ಪಾಲಿಗಿದ್ದ ಕೆಲಸ ಬೇರ್ ಆಕ್ಟ್, ಅಂದರೆ ಕಾಯ್ದೆಯ ಬರಿಯ ಮೂಲಪಾಠ, ಗಟ್ಟಿಯಾಗಿ ಓದುವುದು. ಕಲಂ, ಅದಕ್ಕೆ ‘ಆದರೆ’ ಎಂದು ಷರತ್ತು ಹಾಕುವ ಪರಂತುಕ, ವಿವರಣೆ, ಒಂದನ್ನೂ ಬಿಡುವಂತಿಲ್ಲ. ಅವರು ಅಡಿಕೆ ಕತ್ತರಿಸುತ್ತಾ ಕೇಳುತ್ತಿದ್ದರು. ‘ತಕ್ಕದ್ದು’ ಎಂದು ನಾನು ದನಿ ಏರಿಸಿದರೆ ಸಾಕು, ‘ತಪ್ಪಿದರೆ ಏನು ಅಂತ ಬರೆದಿದೆಯೇನಯ್ಯಾ?’ ಎಂದು ತಡೆಯುತ್ತಿದ್ದರು. ಕಾಟ ಅನ್ನಿಸುತ್ತಿತ್ತು.

ಮುಂದೆ ಸಿವಿಲ್ ನ್ಯಾಯಾಧೀಶನಾದೆ. 2002ರ ಜುಲೈಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ಬದಲಾಯಿತು. ಸಮನ್ಸು ಜಾರಿಯಾದ 30 ದಿನದೊಳಗೆ ಪ್ರತಿವಾದಿ ದಾವೆಗೆ ತನ್ನ ಉತ್ತರವಾದ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು. ಕಾರಣ ಬರೆದಿಟ್ಟು ಕೋರ್ಟು ಹೆಚ್ಚೆಂದರೆ 90 ದಿನದವರೆಗೆ ಬಿಡಬಹುದು. ಮರುವರ್ಷ ಒಂದು ಪಾಲಿನ ದಾವೆಯಲ್ಲಿ 97ನೇ ದಿನ ಹೇಳಿಕೆ ಬಂತು. ಪ್ರತಿವಾದಿ ವಯಸ್ಸಾದ ರೈತ. ಕಾಗದಪತ್ರ ಕೊಟ್ಟಿದ್ದು ಹೊತ್ತಿಗೆ ಸರಿಯಾಗಿಯೇ, ತಡವಾಗಿದ್ದು ಅವನ ವಕೀಲರ ಮೇಜಿನ ಮೇಲೆ. ನಾನು ತೆಗೆದುಕೊಳ್ಳಲಿಲ್ಲ. ಅರ್ಧ ಪುಟದ ಆದೇಶ. ಖಡಕ್ಕಾಗಿ ಬರೆದೆ ಎಂದು ಹೆಮ್ಮೆಯೂ ಇತ್ತು. ಹೈಕೋರ್ಟು ಅದನ್ನು ರದ್ದು ಮಾಡಿತು.

ಆ ಸಿಟ್ಟು ಇಳಿದಿದ್ದು 2005ರಲ್ಲಿ, ಕೈಲಾಶ್ ವಿರುದ್ಧ ನನ್ಹಕು ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಓದುವಾಗ. ಆ ಗಡುವು ಪ್ರತಿವಾದಿಯನ್ನು ಚುರುಕುಗೊಳಿಸಲು ಇರುವುದು, ಕೋರ್ಟಿನ ಕೈ ಕಟ್ಟಲು ಅಲ್ಲ. ಮೀರಿದರೆ ಇಂಥದ್ದೇ ದಂಡನೆ ಎಂದು ನಿಯಮ ಹೇಳಿಲ್ಲ. ಓದುತ್ತಾ ಅಡಿಕೆ ಕತ್ತರಿಯ ಸದ್ದೇ ಕೇಳಿಸಿದಂತಾಯಿತು.

ಹಾಗೆಂದು ಆಮೇಲೆ ಕೇಳಿದವರಿಗೆಲ್ಲ ವಾಯಿದೆ ಕೊಡಲಿಲ್ಲ. ಆ ತೀರ್ಪೂ ವಿನಾಯಿತಿ ಅಪರೂಪವಾಗಿರಲಿ ಎಂದೇ ಹೇಳುತ್ತದೆ, ಆ ಭಾಗವನ್ನು ವಕೀಲರು ಓದಿ ಹೇಳುವುದು ಕಡಿಮೆ. ತಡದ ಕಾರಣವನ್ನು ಪ್ರಮಾಣಪತ್ರದಲ್ಲಿ ಕೇಳುತ್ತಿದ್ದೆ, ಎದುರಾಳಿಗೆ ಖರ್ಚು ಕೊಡಿಸುತ್ತಿದ್ದೆ.

ಜಿಲ್ಲಾ ನ್ಯಾಯಾಧೀಶನಾದ ಮೇಲೆ ಒಂದು ವಾಣಿಜ್ಯ ದಾವೆಯಲ್ಲಿ 122ನೇ ದಿನ ಹೇಳಿಕೆ ಬಂತು. ವಕೀಲರು ಕೈಲಾಶ್ ತೀರ್ಪನ್ನೇ ಮುಂದಿಟ್ಟರು. ನಾನು ಸೀನಿಯರ್ ಪ್ರಶ್ನೆ ಕೇಳಿಕೊಂಡೆ. ಈ ಸಲ ಉತ್ತರ ಪರಂತುಕದಲ್ಲೇ ಇತ್ತು: 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇಂಥ ದಾವೆಗಳಿಗೆ ಅದೇ ನಿಯಮವನ್ನು ತಿದ್ದಿ, 120 ದಿನ ದಾಟಿದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ, ಕೋರ್ಟು ಅದನ್ನು ದಾಖಲೆಗೆ ತೆಗೆದುಕೊಳ್ಳಕೂಡದು ಎಂದು ಬರೆದಿದೆ. ಎರಡೇ ದಿನ. ಹೊಟ್ಟೆ ಉರಿಯಿತು, ಆದರೂ ತಿರಸ್ಕರಿಸಿದೆ.

ಆ ಆದೇಶವೂ ಅರ್ಧ ಪುಟವೇ. ಪರಂತುಕವನ್ನು ಮಾತ್ರ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ಸ್ಟೆನೋ ಕೈಲಿ ಬರೆಸಿದೆ.