ಪ್ರಶಸ್ತಿಯನ್ನು ಹಿಂದಿರುಗಿಸುವ ಬಗೆ

ಪ್ರಶಸ್ತಿಯನ್ನು ಹಿಂದಿರುಗಿಸಬೇಕೆಂದು ನಿರ್ಧರಿಸಿದ ಲೇಖಕರು ಮೊದಲು ಬೀರುವಿನ ಮೇಲಿರುವ ಫಲಕವನ್ನು ಕೆಳಗಿಳಿಸಿ, ದೂಳು ಒರೆಸಿ, ಅದನ್ನು ಕೊಟ್ಟವರು ಯಾರೆಂಬುದನ್ನು ಸರಿಯಾಗಿ ಓದಿಕೊಳ್ಳಬೇಕು. ನಮ್ಮಲ್ಲಿ 'ಅಕಾಡೆಮಿ' ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಸಂಸ್ಥೆಗಳು ಬೆರೆತುಹೋಗುತ್ತವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದಲ್ಲಿದ್ದರೂ ಅದರ ಕೇಂದ್ರ ಕಚೇರಿ ದೆಹಲಿಯ ರವೀಂದ್ರ ಭವನದಲ್ಲಿದೆ. ಕರ್ನಾಟಕ ಸಾಹಿತ್ಯ ಅಕಾಡೆಮಿ ರಾಜ್ಯ ಸರ್ಕಾರದ್ದು, ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಇವೆರಡಕ್ಕೂ ಸೇರಿದ್ದಲ್ಲ, ಅದರ ಅಧ್ಯಕ್ಷರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಒಬ್ಬರ ಮೇಲಿನ ಸಿಟ್ಟಿಗೆ ಇನ್ನೊಬ್ಬರ ಫಲಕವನ್ನು ಮರಳಿಸಿದರೆ ಪ್ರತಿಭಟನೆ ಮೊದಲ ದಿನವೇ ನಗೆಪಾಟಲಾಗುತ್ತದೆ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಚನ ಸಾಹಿತ್ಯದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದ ನಂತರ ನಡೆದುದನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ಚಂದ್ರಶೇಖರ ಪಾಟೀಲರು ಮರಳಿಸಿದ್ದು ರಾಜ್ಯ ಸರ್ಕಾರದ ಪಂಪ ಪ್ರಶಸ್ತಿಯನ್ನು. ಕೊಲೆಯ ತನಿಖೆಯ ಹೊಣೆಯೂ ರಾಜ್ಯದ್ದೇ ಆಗಿದ್ದುದರಿಂದ ಪತ್ರದ ವಿಳಾಸ ಸರಿಯಾಗಿತ್ತು. ಹಿಂದಿಯ ಉದಯ ಪ್ರಕಾಶ್, ಇಂಗ್ಲಿಷಿನ ನಯನತಾರಾ ಸಹಗಲ್, ನಮ್ಮ ಕುಂ. ವೀರಭದ್ರಪ್ಪ ಮತ್ತು ರಹಮತ್ ತರೀಕೆರೆ ಮೊದಲಾದವರು ಕೇಂದ್ರ ಅಕಾಡೆಮಿಯ ಪ್ರಶಸ್ತಿಯನ್ನು ಮರಳಿಸಿದಾಗ, ತನ್ನದೇ ಪ್ರಶಸ್ತಿ ಪಡೆದ ವಿದ್ವಾಂಸರ ಕೊಲೆಯಾದರೂ ಅಕಾಡೆಮಿ ಗಟ್ಟಿಯಾಗಿ ಮಾತಾಡಲಿಲ್ಲವೆಂಬ ದೂರು ಅದರಲ್ಲಿತ್ತು. ಅರವಿಂದ ಮಾಲಗತ್ತಿಯವರು ಅದೇ ಅಕಾಡೆಮಿಯ ಸಾಮಾನ್ಯ ಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಸಂಸ್ಥೆಯೊಳಗೆ ಸ್ಥಾನವಿದ್ದವರಿಗೆ ಆ ದಾರಿಯೂ ಇದೆ, ಮತ್ತು ನನಗೆ ಅನ್ನಿಸುವಂತೆ ಅದು ಕೆಲವೊಮ್ಮೆ ಹೆಚ್ಚು ಚುಚ್ಚುತ್ತದೆ.

ವಿಳಾಸ ನಿಶ್ಚಯವಾದ ಮೇಲೆ ಪತ್ರ. ನಿಜವಾದ ಕೆಲಸ ಇರುವುದು ಇಲ್ಲಿಯೇ. ಫಲಕ ಮತ್ತು ಹಣ ಪತ್ರದ ಜೊತೆಗಿನ ಲಗತ್ತುಗಳಷ್ಟೇ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, 1919ರಲ್ಲಿ, ರವೀಂದ್ರನಾಥ ಠಾಕೂರರು ತಮ್ಮನ್ನು ನೈಟ್ ಪದವಿಯಿಂದ ಬಿಡುಗಡೆ ಮಾಡಬೇಕೆಂದು ವೈಸ್‌ರಾಯ್ ಚೆಲ್ಮ್ಸ್‌ಫರ್ಡ್‌ಗೆ ಬರೆದರು. ಆ ಪದವಿಯ ಲಾಂಛನ ಏನಾಯಿತೆಂದು ಇಂದು ಯಾರೂ ಕೇಳುವುದಿಲ್ಲ, ಪತ್ರವನ್ನು ಮಾತ್ರ ಇನ್ನೂ ಓದುತ್ತಾರೆ. ಆದ್ದರಿಂದ ಪತ್ರ ಒಂದು ಪುಟವನ್ನು ಮೀರದಿರಲಿ. ಯಾವ ವರ್ಷ, ಯಾವ ಕೃತಿಗೆ, ಯಾವ ಪ್ರಶಸ್ತಿ ಎಂಬುದು ಮೊದಲ ವಾಕ್ಯದಲ್ಲಿಯೇ ಇರಲಿ. ಯಾವ ಘಟನೆ, ಯಾವ ದಿನಾಂಕ, ಸಂಸ್ಥೆ ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂಬುದು ಎರಡನೆಯ ಕಂಡಿಕೆಯಲ್ಲಿ ಬರಲಿ. 'ದೇಶದಲ್ಲಿ ಉಸಿರುಗಟ್ಟುವ ವಾತಾವರಣವಿದೆ' ಎಂಬಂಥ ವಾಕ್ಯ ಬರೆಯಲು ಕೈ ತುರಿಸುತ್ತದೆ, ಆದರೆ ಅದಕ್ಕೆ ಯಾರೂ ಉತ್ತರಿಸಬೇಕಾಗಿಲ್ಲ. 'ಶೋಕಸಭೆಯ ಹೊರತು ನಿಮ್ಮ ಕಾರ್ಯಕಾರಿ ಮಂಡಳಿ ಒಂದು ಖಂಡನಾ ನಿರ್ಣಯವನ್ನೂ ಅಂಗೀಕರಿಸಲಿಲ್ಲ' ಎಂದು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ವಚನಗಳ ಉಲ್ಲೇಖ ಒಂದಕ್ಕಿಂತ ಹೆಚ್ಚು ಬೇಡ. ಪ್ರಶಸ್ತಿಗೆ ಆರಿಸಿದ ತೀರ್ಪುಗಾರರಿಗೆ ಕೃತಜ್ಞತೆಯ ಒಂದು ಸಾಲು ಇರುವುದು ಒಳ್ಳೆಯದು, ಏಕೆಂದರೆ ಜಗಳ ಅವರೊಡನೆ ಇಲ್ಲ.

ಹಣದ ವಿಷಯ ಎಲ್ಲರನ್ನೂ ಮುಜುಗರಕ್ಕೆ ಸಿಕ್ಕಿಸುತ್ತದೆ. ಕೇಂದ್ರ ಅಕಾಡೆಮಿಯ ಪ್ರಶಸ್ತಿಯ ಮೊತ್ತ ಆರಂಭದಲ್ಲಿ 5,000 ರೂಪಾಯಿ ಇದ್ದುದು ಹಂತಹಂತವಾಗಿ ಏರಿ ಈಗ 1 ಲಕ್ಷ ರೂಪಾಯಿ ಆಗಿದೆ. ತಾವು ಪಡೆದಷ್ಟನ್ನೇ, ಬಡ್ಡಿಯ ಲೆಕ್ಕಕ್ಕೆ ಹೋಗದೆ, ಸಂಸ್ಥೆಯ ಹೆಸರಿಗೆ ಡಿ.ಡಿ. ತೆಗೆಸಿ ಮರಳಿಸುವುದು ಸರಿ ಎಂದು ನನ್ನ ಅಭಿಪ್ರಾಯ. ಡಿ.ಡಿ.ಗೆ ಮೂರು ತಿಂಗಳ ಅವಧಿ ಮಾತ್ರ ಇರುವುದರಿಂದ, ಸಂಸ್ಥೆ ಅದನ್ನು ನಗದು ಮಾಡಿಕೊಳ್ಳದಿದ್ದರೆ ಮುಂದೇನೆಂಬುದನ್ನು ಮೊದಲೇ ಯೋಚಿಸಿರಬೇಕು. ಪ್ರಶಸ್ತಿ ಪಡೆದ ಕೃತಿಯ ಅನುವಾದಗಳಿಂದ ಬಂದ ಕೀರ್ತಿಯನ್ನು ಹೇಗೆ ಮರಳಿಸುತ್ತೀರಿ ಎಂಬ ಕೊಂಕು 2015ರಲ್ಲಿಯೂ ಕೇಳಿಬಂದಿತ್ತು. ಅದನ್ನು ಯಾರೂ ಮರಳಿಸಲಾರರು, ಹಾಗೆಂದು ಒಪ್ಪಿಕೊಂಡುಬಿಡುವುದೇ ಲೇಸು. ಹಣ ಖರ್ಚಾಗಿ ಹೋಗಿದ್ದರೆ ಸಾಲ ಮಾಡಬೇಕಾಗಿಲ್ಲ, ಫಲಕವನ್ನಷ್ಟೇ ಮರಳಿಸುತ್ತಿದ್ದೇನೆಂದು ಪತ್ರದಲ್ಲಿ ಬರೆದರೆ ಸಾಕು. ಶಾಲು, ಹಾರ, ಹಣ್ಣಿನ ಬುಟ್ಟಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಪದ್ಮ ಪ್ರಶಸ್ತಿಗಳ ನಿಯಮ ಬೇರೆ. ಅವುಗಳನ್ನು ರದ್ದುಪಡಿಸುವ ಅಧಿಕಾರ ರಾಷ್ಟ್ರಪತಿಯವರಿಗೆ ಮಾತ್ರ ಇದೆ. ಪಡೆದವರು ತಾವಾಗಿ ಮರಳಿಸುವುದಕ್ಕೆ ನಿಯಮಗಳಲ್ಲಿ ಅವಕಾಶವನ್ನೇ ಕಲ್ಪಿಸಿಲ್ಲ. ಆದರೂ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಮರಳಿಸಿದರು, 2015ರಲ್ಲಿ ದೇವನೂರ ಮಹಾದೇವ ಅವರು ಅಕಾಡೆಮಿ ಪ್ರಶಸ್ತಿಯ ಜೊತೆಗೆ ಪದ್ಮಶ್ರೀಯನ್ನೂ ಮರಳಿಸಿದರು. 'ಆಗ ಎಲ್ಲಿದ್ದಿರಿ?' ಎಂದು ಪತ್ರಿಕಾಗೋಷ್ಠಿಯಲ್ಲಿ ಕೇಳುವವರಿಗೆ ಕಾರಂತರ ಹೆಸರು ಹೇಳಬಹುದಾದರೂ, ನೀವು ಆಗ ಎಲ್ಲಿದ್ದಿರಿ ಎಂಬುದಕ್ಕೆ ನಿಮ್ಮ ಉತ್ತರ ಬೇರೆಯೇ ಇರಬೇಕು.

ಫಲಕವನ್ನು ಕೈಯಾರೆ ಕೊಡುವುದಾದರೆ ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. ಇಂಥದೇ ಕೆಲಸಕ್ಕೆ ನಾನು ಜೊತೆಗೆ ಹೋಗಿದ್ದ ಕಚೇರಿಯೊಂದರಲ್ಲಿ, ಪತ್ರವನ್ನು ಆವಕ ವಹಿಯಲ್ಲಿ ದಾಖಲಿಸಿಕೊಂಡ ಗುಮಾಸ್ತರು, ಫಲಕವನ್ನು ಬರೆದುಕೊಳ್ಳಲು ತಮ್ಮಲ್ಲಿ ವಹಿಯೇ ಇಲ್ಲವೆಂದು ಅದನ್ನು ಬಹಳ ಹೊತ್ತು ಮೇಜಿನ ಮೇಲೆಯೇ ಇಟ್ಟುಕೊಂಡು ಕುಳಿತಿದ್ದರು. ಅಂಥ ಸಂದರ್ಭದಲ್ಲಿ ಅವರೊಡನೆ ವಾದಕ್ಕಿಳಿಯಬಾರದು, ಆ ಬಡಪಾಯಿ ಯಾರನ್ನೂ ಕೊಂದವರಲ್ಲ. ವಿತರಣೆಯ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದರೆ ಆಯಿತು. ಪತ್ರ ಸಂಸ್ಥೆಗೆ ತಲುಪಿದ ಮೇಲೆಯೇ ಪತ್ರಿಕೆಗಳಿಗೆ ಕೊಡಿ. ಗುಂಪಾಗಿ ಸೇರಿ ಪ್ರತಿಭಟಿಸುವ ಆಲೋಚನೆಯಿದ್ದರೆ, ಬೆಂಗಳೂರಿನಲ್ಲಿ ಹಿಂದಿನಂತೆ ಟೌನ್ ಹಾಲ್ ಮೆಟ್ಟಿಲು ಈಗ ಸಿಗುವುದಿಲ್ಲ, ಪೊಲೀಸರ ಅನುಮತಿ ಪಡೆದು ಫ್ರೀಡಂ ಪಾರ್ಕ್‌ಗೇ ಹೋಗಬೇಕು.

ಸಂಸ್ಥೆ ಮಣಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿರಬೇಕು. 2015ರ ಅಕ್ಟೋಬರ್ 23ರಂದು ಅಕಾಡೆಮಿಯ ಕಾರ್ಯಕಾರಿ ಮಂಡಳಿ ಕೊಲೆಯನ್ನು ಖಂಡಿಸಿ, ಮರಳಿಸಿದ ಪ್ರಶಸ್ತಿಗಳನ್ನು ವಾಪಸು ಪಡೆಯುವಂತೆ ಲೇಖಕರಿಗೆ ಮನವಿ ಮಾಡಿತು. ಇನ್ನು 2023ರ ಜುಲೈಯಲ್ಲಿ ಸಂಸದೀಯ ಸ್ಥಾಯಿ ಸಮಿತಿಯೊಂದು, ಪ್ರಶಸ್ತಿ ಕೊಡುವ ಮೊದಲೇ ಮರಳಿಸುವುದಿಲ್ಲವೆಂಬ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂದು ಶಿಫಾರಸು ಮಾಡಿದೆ. ಅಂಥ ಕಾಗದ ಎದುರಿಗೆ ಬಂದರೆ, ಮರಳಿಸುವ ಬದಲು ಮೊದಲೇ ನಿರಾಕರಿಸುವುದೊಂದೇ ದಾರಿ.

ಕೊನೆಗೆ, ಪ್ರಕಾಶಕರಿಗೆ ಒಂದು ಸಾಲು ಬರೆದು, ಮುಂದಿನ ಮುದ್ರಣದ ಬೆನ್ನುಡಿಯಿಂದ ಪ್ರಶಸ್ತಿಯ ಹೆಸರನ್ನು ತೆಗೆಸಬೇಕು. ಆಹ್ವಾನ ಪತ್ರಿಕೆಗಳಲ್ಲಿ ಅದು ಹಾಗೆಯೇ ಅಚ್ಚಾಗುತ್ತಿರುತ್ತದೆ, ನಿರೂಪಕರು ವೇದಿಕೆಯ ಮೇಲೆ 'ಪ್ರಶಸ್ತಿ ಪುರಸ್ಕೃತರಾದ' ಎಂದು ಕರೆಯುತ್ತಲೇ ಇರುತ್ತಾರೆ. ಪ್ರತಿ ಸಲವೂ ಮೈಕ್ ಮುಂದೆ ನಿಂತು, ಭಾಷಣಕ್ಕೆ ಮೊದಲು, ಅದು ಈಗ ನನ್ನ ಬಳಿ ಇಲ್ಲ ಎಂದು ತಿದ್ದಬೇಕಾಗುತ್ತದೆ.