ಮಲಾವಿಗೆ ಮಾತ್ರೆ ಕಳಿಸುವ ಪ್ರಾಜೆಕ್ಟ್: ಲೆಕ್ಕ ಇಡುವುದು ಹೇಗೆ?

ಎನ್‌ಜಿಒ ಅಕೌಂಟ್ಸ್‌ನಲ್ಲಿ ನಾಲ್ಕೈದು ವರ್ಷ ಕೂತವರಿಗೆ ಸಂಬಳ, ಬಾಡಿಗೆ, ಟ್ರೈನಿಂಗ್ ಬಿಲ್ಲುಗಳೆಲ್ಲ ನೀರು ಕುಡಿದಷ್ಟು ಸುಲಭ. ಅದೇ ಧೈರ್ಯದಲ್ಲಿ ಔಷಧ ಪೂರೈಕೆಯ ಪ್ರಾಜೆಕ್ಟ್‌ಗೆ ಬಂದರೆ ಮೊದಲ ಆರು ತಿಂಗಳು ತಲೆ ಕೆಡುತ್ತದೆ, ನನಗೂ ಕೆಟ್ಟಿತ್ತು. ಯಾಕೆಂದರೆ ಇಲ್ಲಿ ಹಣ ಇವತ್ತು ಹೋಗುತ್ತದೆ, ಮಾಲು ಎಷ್ಟೋ ತಿಂಗಳಾದ ಮೇಲೆ ಬರುತ್ತದೆ. ಆ ನಡುವಿನ ತಿಂಗಳುಗಳನ್ನು ಹಿಡಿದಿಡುವುದೇ ನಿಮ್ಮ ಕೆಲಸ.

ಆಫ್ರಿಕಾದ ಮಲಾವಿಯನ್ನೇ ತೆಗೆದುಕೊಳ್ಳಿ. ಆ ದೇಶಕ್ಕೆ ಸಮುದ್ರ ಇಲ್ಲ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ತಯಾರಾದ ಎಚ್‌ಐವಿ ಮಾತ್ರೆ ಹಡಗು ಹತ್ತಿ ಮೊಜಾಂಬಿಕ್‌ನ ಬೈರಾ ಅಥವಾ ನಕಾಲಾ ಬಂದರಿಗೋ, ತಾಂಜಾನಿಯಾದ ದಾರ್ ಎಸ್ ಸಲಾಂಗೋ ಹೋಗಿ, ಅಲ್ಲಿಂದ ಗಡಿ ದಾಟಿ ರಾಜಧಾನಿ ಲಿಲಾಂಗ್ವೆ ಸೇರಬೇಕು.

ಬಜೆಟ್ಟನ್ನು ಹಣದಿಂದ ಶುರು ಮಾಡಬೇಡಿ, ತಲೆಗಳಿಂದ ಶುರು ಮಾಡಿ. 50,000 ಜನ ಟಿಎಲ್‌ಡಿ, ಅಂದರೆ ಮೂರು ಔಷಧ ಒಂದರಲ್ಲೇ ಸೇರಿದ ಎಚ್‌ಐವಿ ಮಾತ್ರೆ ತಗೊಳ್ಳುತ್ತಾರೆ ಅಂದುಕೊಳ್ಳೋಣ. ಒಬ್ಬರಿಗೆ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆಗೆ ಈ ಮಾತ್ರೆ ಸಿಗುತ್ತದೆ ಎಂದು ಗ್ಲೋಬಲ್ ಫಂಡ್ (ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಕೆಲಸಕ್ಕೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿ) 2023ರ ಆಗಸ್ಟ್‌ನಲ್ಲಿ ಹೇಳಿತು. 45 ಅಂತಲೇ ಹಿಡಿದರೆ 22.5 ಲಕ್ಷ ಡಾಲರ್. ಹೊಸಬರು ಈ ಅಂಕಿ ಬರೆದು ಫೈಲ್ ಮುಚ್ಚಿಬಿಡುತ್ತಾರೆ. ಇದು ಬರೀ ಮಾತ್ರೆಯ ಬೆಲೆ! ಹಡಗಿನ ಬಾಡಿಗೆ, ವಿಮೆ, ಗುಣಮಟ್ಟದ ಪರೀಕ್ಷೆ, ಖರೀದಿ ಏಜೆಂಟಿನ ಫೀ, ಬಂದರಿನ ಕ್ಲಿಯರಿಂಗ್, ಲಾರಿ, ಗೋದಾಮು, ಅಲ್ಲಿಂದ ಹಳ್ಳಿ ಆಸ್ಪತ್ರೆಯವರೆಗಿನ ಸಾಗಾಟ, ಎಲ್ಲಕ್ಕೂ ಬೇರೆ ಬೇರೆ ಸಾಲು ಬೇಕು. ಒಂದು ಸಣ್ಣ ಉಪಾಯ ಹೇಳುತ್ತೇನೆ: 30 ಮಾತ್ರೆಯ ಡಬ್ಬಿ ಬದಲು 90ರದ್ದು ತರಿಸಿದರೆ ಅಷ್ಟೇ ಮಾತ್ರೆಗೆ ಜಾಗ ಕಡಿಮೆ ಸಾಕು, ಸಾಗಾಟವೂ ಇಳಿಯುತ್ತದೆ. ಇದನ್ನು ಫಾರ್ಮಸಿಸ್ಟ್ ಹತ್ತಿರ ಕೂತು ಮಾತಾಡಿ, ಮೇಲ್ ಕಳಿಸಿ ಸುಮ್ನೆ ಕಾಯಬೇಡಿ.

ಈಗ ಮುಖ್ಯ ವಿಷಯ. ಪ್ರತಿ ಆರ್ಡರಿಗೂ ಒಂದು ಸಾಲಿನಂತೆ ಒಂದೇ ಒಂದು ಶೀಟ್ ಇಡಿ. ಆರ್ಡರ್ ಹಾಕಿದ ದಿನ, ಹಣ ಹೋದ ದಿನ, ಹಡಗು ಹೊರಟ ದಿನ, ಬಂದರಿಗೆ ಬಂದ ದಿನ, ಗೋದಾಮಿನಲ್ಲಿ ಇಳಿದ ದಿನ. ಪಕ್ಕದಲ್ಲಿ ಅಂದಾಜು ಮೊತ್ತ, ಕೊಟ್ಟ ಮೊತ್ತ, ಕೊನೆಯ ಬಿಲ್ ಮೊತ್ತ, ಇನ್ನೂ ಕೊಡಬೇಕಾದ್ದು. ಅಕೌಂಟಿಂಗ್ ಸಾಫ್ಟ್‌ವೇರ್ ಖರ್ಚಾದದ್ದನ್ನು ತೋರಿಸುತ್ತದೆ. ಆರ್ಡರ್ ಹಾಕಿ ಮಾತು ಕೊಟ್ಟಾಗಿರುವ, ಆದರೆ ಇನ್ನೂ ಖರ್ಚಾಗದ ಹಣ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅದನ್ನು ಮರೆತು 'ಬಜೆಟ್ ಉಳಿದಿದೆ' ಎಂದು ಮೀಟಿಂಗ್‌ನಲ್ಲಿ ಹೇಳಿದರೆ ಎರಡು ತಿಂಗಳಾದ ಮೇಲೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಹಣ ಹೋಗುವ ದಾರಿಯೂ ಒಂದೇ ಥರ ಇರುವುದಿಲ್ಲ. ಯುನಿಸೆಫ್ ಮೂಲಕ ತರಿಸಿದರೆ ಅವರು ಕೊಡುವ ಅಂದಾಜಿನಲ್ಲಿ ಅವರ ಫೀ, ಸಾಗಾಟ, ಜೊತೆಗೆ ಏರಿಳಿತಕ್ಕೆಂದು ಒಂದಷ್ಟು ಹೆಚ್ಚುವರಿ ಮೊತ್ತವೂ ಸೇರಿರುತ್ತದೆ, ಹಣ ಸಾಮಾನ್ಯವಾಗಿ ಮುಂಗಡವಾಗಿಯೇ ಕಟ್ಟಬೇಕು. ಅದನ್ನು ಅಡ್ವಾನ್ಸ್ ಅಂತಲೇ ಬರೆಯಿರಿ, ಖರ್ಚು ಅಂತ ಅಲ್ಲ. ಮಾಲು ಬಂದು ಲೆಕ್ಕ ಮುಗಿದ ಮೇಲೆ ಉಳಿದದ್ದನ್ನು ಕೇಳಿ. ಕೇಳದೇ ಬಿಟ್ಟ ಬಾಕಿ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಹಲವು ದೇಶಗಳ ಆರ್ಡರ್ ಒಟ್ಟು ಸೇರಿಸಿ ಕೊಳ್ಳುವ ಗ್ಲೋಬಲ್ ಫಂಡ್‌ನ ವ್ಯವಸ್ಥೆಯಲ್ಲಿ ಇದರ ಉಲ್ಟಾ: ಹಣ ನಿಮ್ಮ ಬ್ಯಾಂಕಿಗೆ ಬರುವುದೇ ಇಲ್ಲ, ನಿಮ್ಮ ಗ್ರಾಂಟ್‌ನಿಂದ ಕಳೆದು ನೇರ ಖರೀದಿ ಏಜೆಂಟಿಗೆ ಹೋಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಪುಸ್ತಕ ಬರೆಯುವ ಅಭ್ಯಾಸದವರು ಇಲ್ಲಿ ಲಕ್ಷಗಟ್ಟಲೆ ಡಾಲರ್ ಬಿಟ್ಟುಬಿಡುತ್ತಾರೆ.

ತೆರಿಗೆ ವಿಷಯಕ್ಕೆ ಬರೋಣ, ನಾನು ಪೆಟ್ಟು ತಿಂದದ್ದು ಇಲ್ಲೇ. ಗ್ಲೋಬಲ್ ಫಂಡ್ ಹಣದಲ್ಲಿ ಆಮದು ಸುಂಕ ಕಟ್ಟುವಂತಿಲ್ಲ, ಸರ್ಕಾರದಿಂದ ವಿನಾಯಿತಿ ಪತ್ರ ತರಬೇಕು. ನಮ್ಮ ಒಂದು ಕಂಟೇನರ್ ಬಂದಾಗ ಪತ್ರವೇನೋ ಕೈಯಲ್ಲಿತ್ತು. ಆದರೆ ಪತ್ರದಲ್ಲಿ ಔಷಧದ ಜೆನೆರಿಕ್ ಹೆಸರು, ಇನ್‌ವಾಯ್ಸ್‌ನಲ್ಲಿ ಕಂಪನಿಯ ಬ್ರ್ಯಾಂಡ್ ಹೆಸರು. ಕಸ್ಟಮ್ಸ್‌ನವರು ಎರಡನ್ನೂ ಪಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟಿ ತೋರಿಸಿ, 'ಇದು ಬೇರೆ ಮಾಲು' ಅಂದರು. ಹೊಸ ಪತ್ರ ಬರುವಷ್ಟರಲ್ಲಿ 11 ದಿನ. ಕಂಟೇನರ್ ಬಂದರಿನಲ್ಲಿ ಬಿದ್ದಿದ್ದಕ್ಕೆ ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ತಡ ಮಾಡಿದ್ದರ ದಂಡ. ಇಂಥದ್ದನ್ನು ದಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ನಿಮ್ಮ ಸಂಸ್ಥೆಯ ಸ್ವಂತ ಜೇಬಿನಿಂದಲೇ ಹೋಗಬೇಕು. ಆಮೇಲಿಂದ ನಾನು ಹಡಗು ಹೊರಡುವ ಮೊದಲೇ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ವಿನಾಯಿತಿ ಪತ್ರ ಮೂರನ್ನೂ ಟೇಬಲ್ ಮೇಲೆ ಹರಡಿ ಹೆಸರು, ಡೋಸ್, ಸಂಖ್ಯೆ ತಾಳೆ ನೋಡುತ್ತೇನೆ. ಅರ್ಧ ಗಂಟೆಯ ಕೆಲಸ.

ಇನ್ನು ಡಾಲರ್. ಗ್ರಾಂಟ್ ಡಾಲರ್‌ನಲ್ಲಿ, ಲಾರಿ ಬಾಡಿಗೆ ಮಲಾವಿಯ ಹಣವಾದ ಕ್ವಾಚಾದಲ್ಲಿ. 2023ರ ನವೆಂಬರ್‌ನಲ್ಲಿ ಮಲಾವಿಯ ರಿಸರ್ವ್ ಬ್ಯಾಂಕ್ ಡಾಲರ್ ದರವನ್ನು ಸುಮಾರು 1,180 ಕ್ವಾಚಾದಿಂದ 1,700ಕ್ಕೆ ಒಂದೇ ಸಲ ಏರಿಸಿತು. ಹಿಂದಿನ ದಿನ ಬ್ಯಾಂಕಿನಲ್ಲಿ 11.8 ಕೋಟಿ ಕ್ವಾಚಾ ಇಟ್ಟಿದ್ದವರಿಗೆ ಅದು 1 ಲಕ್ಷ ಡಾಲರ್, ಮರುದಿನ 69,000 ಚಿಲ್ಲರೆ. ಯಾರೂ ಕದ್ದಿಲ್ಲ, ಆದರೂ ಹೋಯಿತು! ಅದಕ್ಕೇ ತಿಂಗಳಿಗೆ ಬೇಕಾದಷ್ಟನ್ನೇ ಬದಲಾಯಿಸಿ. 'ಡಾಲರ್ ಇಟ್ಟುಕೊಂಡವರಿಗೆ ಲಾಭ ಅಲ್ವಾ' ಅನ್ನಬಹುದು. ಕಾಗದದ ಮೇಲೆ ಹೌದು. ಆದರೆ ಡೀಸೆಲ್ ಬೆಲೆ ಏರಿ ಲಾರಿಯವರು ಹೊಸ ರೇಟ್ ಕೇಳಿದರೆ ಆ ಲಾಭದಲ್ಲಿ ದೊಡ್ಡ ಪಾಲು ಅವರಿಗೇ ಹೋಗುತ್ತದೆ. ಯಾವ ದಿನದ ಯಾವ ದರ ಹಿಡಿದಿರಿ ಎಂಬುದನ್ನು ವೋಚರ್ ಮೇಲೆಯೇ ಬರೆದಿಡಿ, ಆಡಿಟ್‌ನವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಹಣ ಯಾರದ್ದು ಎಂಬ ಕಾಲಂ ಕೂಡ ಶೀಟ್‌ನಲ್ಲಿರಲಿ. ಮಾತ್ರೆ ಒಬ್ಬ ದಾನಿಯದು, ಸಾಗಾಟ ಇನ್ನೊಬ್ಬರದು ಅನ್ನುವುದು ಸಾಮಾನ್ಯ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ ಹಲವು ದೇಶಗಳಲ್ಲಿ ಸಾಮಾನು ಗೋದಾಮಿನಲ್ಲಿದ್ದರೂ ಮುಂದೆ ಕಳಿಸುವುದಕ್ಕೆ ದಾರಿ ಇಲ್ಲದಂತಾಯಿತು. ಯಾವ ಹಂತಕ್ಕೆ ಯಾರ ದುಡ್ಡು ಎಂದು ಮೊದಲೇ ಬರೆದಿಟ್ಟವರು ಅವತ್ತೇ ಫೋನ್ ಎತ್ತಬಹುದು, ಉಳಿದವರು ಫೈಲ್ ಹುಡುಕಬೇಕು.

ಮೂರು ತಿಂಗಳಿಗೊಮ್ಮೆ ಗೋದಾಮಿಗೆ ನೀವೇ ಹೋಗಿ. ಇನ್‌ವಾಯ್ಸ್‌ನ ಸಂಖ್ಯೆ, ಇಳಿಸಿಕೊಂಡ ರಸೀದಿಯ ಸಂಖ್ಯೆ, ಸ್ಟಾಕ್ ಕಾರ್ಡಿನ ಸಂಖ್ಯೆ ಮೂರೂ ಒಂದೇ ಇರಬೇಕು. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಖನ್ನೂ ಓದಿ. ಅವಧಿ ಮುಗಿಯಲು ಆರು ತಿಂಗಳು ಇರುವ ಮಾಲು ಜಾಸ್ತಿ ಕಂಡರೆ ಮುಂದಿನ ಆರ್ಡರ್‌ಗೆ ಸಹಿ ಹಾಕುವ ಮೊದಲು ಫಾರ್ಮಸಿಸ್ಟನ್ನು ಕರೆಯಿರಿ. ಮುಗಿದೇ ಹೋದದ್ದನ್ನು ಕಸಕ್ಕೆ ಎಸೆಯುವಂತಿಲ್ಲ, ನಿಯಮದಂತೆ ಸುಡಿಸಬೇಕು, ಅದಕ್ಕೂ ಟನ್ ಲೆಕ್ಕದಲ್ಲಿ ಬಿಲ್ ಬರುತ್ತದೆ. ನಾನು ನೋಡಿದ ಬಜೆಟ್‌ಗಳಲ್ಲಿ ಈ ಸಾಲು ಇದ್ದದ್ದು ಅಪರೂಪ. ಮೊದಲ ವರ್ಷದಲ್ಲೇ ಸೇರಿಸಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.