ಪುಸ್ತಕ ಬೇಗ ಮುಗಿಯಬೇಕು, ಮನಸ್ಸಿನಲ್ಲಿ ಉಳಿಯಲೂಬೇಕು

ಚಿಕ್ಕಮಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ ಎರಡು ಕಪಾಟು ತುಂಬ ಪುಸ್ತಕಗಳಿವೆ. ಕೇಳಿದವರಿಗೆ ಕೊಡುತ್ತೇನೆ. ಹಿಂತಿರುಗಿಸಲು ಬಂದಾಗ ಕಾಫಿ ಕೊಟ್ಟು ‘ಹೇಗಿತ್ತು?’ ಎಂದು ವಿಚಾರಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಕಾಲೇಜು ಹುಡುಗನೊಬ್ಬ ಆರುನೂರು ಪುಟದ ಕಾದಂಬರಿಯನ್ನು ಮೂರೇ ದಿನಕ್ಕೆ ತಂದುಕೊಟ್ಟ. ಮೊಬೈಲಿನಲ್ಲಿ ವೇಗದ ಓದು ಕಲಿತಿದ್ದನಂತೆ. ನಾಯಕನ ತಂಗಿ ಮನೆ ಬಿಟ್ಟು ಹೋದದ್ದೇಕೆ ಎಂದು ಕೇಳಿದೆ. ತಂಗಿಯೊಬ್ಬಳು ಇದ್ದಳೆಂಬುದೇ ಅವನಿಗೆ ನೆನಪಿರಲಿಲ್ಲ. ಅದೇ ವಾರ ಬಂದ ಶಿಕ್ಷಕಿಯೊಬ್ಬರು ಎಂಟು ತಿಂಗಳಾದರೂ ನೂರನೆಯ ಪುಟ ದಾಟಿರಲಿಲ್ಲ. ಪ್ರತಿ ಸಲವೂ ಹಿಂದಿನದು ಮರೆತು ಮೊದಲಿನಿಂದ ಶುರು ಮಾಡುತ್ತಿದ್ದರು. ಇಂಥವರನ್ನು ವರ್ಷಗಳಿಂದ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊತ್ತು ಮತ್ತು ಜಾಗ. ದಿನಕ್ಕೆ ನಲವತ್ತು ನಿಮಿಷ ಸಾಕು, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪ್ರಯಾಣದಲ್ಲಿ ಓದುವವರು ಕಡೂರಿನ ರೈಲಿನಲ್ಲಿ ಧಾರಾಳವಾಗಿ ಓದಿ. ಆಲ್ದೂರು, ಬಾಳೆಹೊನ್ನೂರು ಕಡೆಯ ಬಸ್ಸಿನಲ್ಲಿ ಬೇಡ. ಆ ತಿರುವುಗಳಲ್ಲಿ ತಲೆ ಸುತ್ತಿದರೆ ಆ ದಿನ ಪುಸ್ತಕವನ್ನು ಮತ್ತೆ ಮುಟ್ಟುವ ಮನಸ್ಸಾಗುವುದಿಲ್ಲ.

ಎರಡನೆಯದು, ಎಲ್ಲಿಂದ ಶುರು ಮಾಡಬೇಕು ಎಂಬುದು. ಕಾದಂಬರಿಯಾದರೆ ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮಲ್ಲಿ ಮುನ್ನುಡಿ ಬರೆಯುವವರು ಕಥೆಯನ್ನು ಪೂರ್ತಿ ಹೇಳಿಬಿಡುತ್ತಾರೆ, ಯಾರು ಸಾಯುತ್ತಾರೆ ಎಂಬುದನ್ನೂ ಸೇರಿಸಿ. ಇತಿಹಾಸ, ವಿಜ್ಞಾನ, ವಿಚಾರದ ಪುಸ್ತಕವಾದರೆ ಇದಕ್ಕೆ ತದ್ವಿರುದ್ಧ: ಮುನ್ನುಡಿ, ಪರಿವಿಡಿ, ಕೊನೆಯ ಅಧ್ಯಾಯವನ್ನು ಮೊದಲು ಓದಿದರೆ ನಡುವಿನದು ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಮೂರನೆಯದು ವೇಗ. ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಹರಿಯುವುದಿಲ್ಲ; ಜಿಗಿದು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ಸ್ಪಷ್ಟವಾಗಿ ಕಾಣುವುದು ಕೆಲವೇ ಅಕ್ಷರಗಳು. ಹಾಗಾಗಿ ಒಂದೇ ನೋಟಕ್ಕೆ ಒಂದು ಪುಟ ಓದಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಅಮೆರಿಕದಲ್ಲಿ ಎವೆಲಿನ್ ವುಡ್ 1959ರಲ್ಲಿ ವೇಗದ ಓದಿನ ತರಗತಿಗಳನ್ನು ಶುರು ಮಾಡಿದಂದಿನಿಂದ ಈ ವ್ಯಾಪಾರ ನಡೆದಿದೆ. ಓದುವಾಗ ಕಣ್ಣು ಹೇಗೆ ಚಲಿಸುತ್ತದೆಂದು ಅಧ್ಯಯನ ಮಾಡಿದ ಮನೋವಿಜ್ಞಾನಿ ಕೀತ್ ರೇನರ್ ಮತ್ತು ಸಂಗಡಿಗರು ದಶಕಗಳ ಸಂಶೋಧನೆಯನ್ನು ಜಾಲಾಡಿ 2016ರಲ್ಲಿ ಹೇಳಿದ್ದು ಇಷ್ಟೇ: ವೇಗ ಬಹಳ ಹೆಚ್ಚಿದರೆ ಅರ್ಥ ಕಡಿಮೆಯಾಗುತ್ತದೆ. ಒಂದೊಂದೇ ಪದವನ್ನು ಪರದೆಯ ಮೇಲೆ ಮಿನುಗಿಸುವ ಆ್ಯಪ್‌ಗಳು ಕನ್ನಡಕ್ಕಂತೂ ಒಗ್ಗುವುದಿಲ್ಲ. ‘ಹೋಗಬೇಕಾಗಿದ್ದವರಿಗೆ’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಐದಾರು ಪದ ಬೇಕು. ನಿಮಿಷಕ್ಕೆ ಇಷ್ಟು ಪದ ಎಂಬ ಅವರ ಲೆಕ್ಕ ನಮಗೆ ಏಕೆ? ಪುಟ ಎಣಿಸಿದರೆ ಸಾಕು.

ನಾನು ಕಂಡಂತೆ ಹೊತ್ತು ಪೋಲಾಗುವುದು ವಾಕ್ಯ ಮುಗಿಯುವ ಮುನ್ನವೇ ಹಿಂದಕ್ಕೆ ಹೊರಳಿ ಓದುವುದರಲ್ಲಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಅಣ್ಣ ಊರಿಗೆ ಬಂದ ರಾತ್ರಿ ಹಿತ್ತಲಿನ ಬಾವಿಯ ಬಳಿ ಕಂದೀಲು ಹಿಡಿದು ನಿಂತಿದ್ದ ಹೆಂಗಸು ಯಾರೆಂದು ಅಮ್ಮ ಕೊನೆಗೂ ಹೇಳಲಿಲ್ಲ’ ಎಂಬ ವಾಕ್ಯ ತೆಗೆದುಕೊಳ್ಳಿ. ಬಹಳಷ್ಟು ಜನ ‘ಕಂದೀಲು’ ಬರುವಷ್ಟರಲ್ಲಿ ಗಾಬರಿಯಾಗಿ ‘ಅಣ್ಣ’ನಿಗೆ ಮರಳುತ್ತಾರೆ. ಮರಳಬೇಡಿ. ಗೊಂದಲವಿದ್ದರೂ ‘ಹೇಳಲಿಲ್ಲ’ದವರೆಗೆ ಹೋಗಿ, ಅಲ್ಲಿ ಮುಟ್ಟಿದ ಮೇಲೆ ಹಿಂದಿನದು ಸಾಮಾನ್ಯವಾಗಿ ತಾನಾಗಿ ಜೋಡಿಸಿಕೊಳ್ಳುತ್ತದೆ. ಅಭ್ಯಾಸವಾಗುವವರೆಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವೊಂದನ್ನು ಓದಿ ಮುಗಿಸಿದ ಸಾಲಿನ ಮೇಲೆ ಇಟ್ಟು ಕೆಳಕ್ಕೆ ಸರಿಸುತ್ತಾ ಬನ್ನಿ. ಓದಬೇಕಾದ ಸಾಲಿನ ಕೆಳಗೆ ಇಡಬೇಡಿ. ಮುಚ್ಚಬೇಕಾದದ್ದು ಮುಗಿದ ಸಾಲನ್ನು, ಬರುವ ಸಾಲನ್ನಲ್ಲ.

ಮನಸ್ಸಿನೊಳಗೆ ಕೇಳಿಸುವ ದನಿಯನ್ನು ಅಡಗಿಸಿ ಎಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಲೆನಾಡಿನ ಮುದುಕಿಯೊಬ್ಬಳು ಜಗುಲಿಯಲ್ಲಿ ಕುಳಿತು ಬೈಯುವ ಮಾತನ್ನು ದನಿಯಿಲ್ಲದೆ ಓದಿದರೆ ಏನು ಸಿಕ್ಕಿತು? ಸಂಭಾಷಣೆ ಬಂದಾಗ ನಿಧಾನಿಸಿ, ಬೇಕಾದರೆ ಬಾಯಿಬಿಟ್ಟೇ ಓದಿ. ಪ್ರಯಾಣದ ವಿವರ, ವಂಶಾವಳಿ, ಮೊದಲೇ ಹೇಳಿದ್ದನ್ನು ಮತ್ತೆ ಹೇಳುವ ಪುಟಗಳಲ್ಲಿ ಬೇಗ ಸಾಗಿ.

ಇನ್ನು ಎಲ್ಲರೂ ಎಡವುವ ಹಂತ: ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು. ಜನ ಇದರ ಬದಲು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಅಗ್ಗದ ಕಾಗದದಲ್ಲಿ ಆ ಶಾಯಿ ಹಿಂದಿನ ಪುಟಕ್ಕೂ ಇಳಿಯುತ್ತದೆ, ತಲೆಗೆ ಮಾತ್ರ ಇಳಿಯುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಕೊಟ್ಟು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಅವರಲ್ಲಿ ಉಳಿದದ್ದು ಶೇ 42. ಒಮ್ಮೆ ಓದಿ, ನೋಡದೆ ನೆನಪಿಸಿಕೊಂಡು ಬರೆದವರಲ್ಲಿ ಶೇ 56.

ಮಾಡುವ ಕ್ರಮ ಹೀಗೆ. ಅಧ್ಯಾಯ ಮುಗಿದಾಗ, ಅಧ್ಯಾಯ ಉದ್ದವಾಗಿದ್ದರೆ ಇಪ್ಪತ್ತು ಪುಟಕ್ಕೊಮ್ಮೆ, ಪುಸ್ತಕ ಮುಚ್ಚಿ. ಬೆರಳನ್ನು ಒಳಗೆ ಸಿಕ್ಕಿಸಿಟ್ಟುಕೊಳ್ಳಬೇಡಿ. ಬೆರಳಿದ್ದರೆ ಕಣ್ಣು ಇಣುಕಿಯೇ ಇಣುಕುತ್ತದೆ. ಪುಟದ ಗುರುತಿಗೆ ಒಂದು ಚೀಟಿ ಇಟ್ಟು ಪುಸ್ತಕವನ್ನು ದೂರ ಸರಿಸಿ. ಈಗ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಯಾರು ಏನು ಮಾಡಿದರು, ಅದರಿಂದ ಏನು ಬದಲಾಯಿತು, ನಿಮಗೆ ಹಿಡಿಸಿದ್ದು ಯಾವುದು. ಮೂರನೆಯ ಸಾಲನ್ನು ಬಿಡಲೇಬೇಡಿ. ಒಂದು ಮಾತು, ಒಂದು ವಾಸನೆ, ಒಂದು ಜಗಳ, ಏನಾದರೂ ಸರಿ. ಉಳಿದ ಎರಡು ಸಾಲು ಅದರ ಜೊತೆಗೇ ನೆನಪಾಗುತ್ತವೆ.

ಮೊದಲ ಅರ್ಧ ನಿಮಿಷ ಏನೂ ಹೊಳೆಯುವುದಿಲ್ಲ. ಜನ ಸೋಲುವುದು ಅಲ್ಲಿಯೇ. ತಮ್ಮ ನೆನಪಿನ ಶಕ್ತಿಯೇ ಕೆಟ್ಟದೆಂದು ಪುಸ್ತಕ ತೆರೆದುಬಿಡುತ್ತಾರೆ. ತೆರೆಯಬೇಡಿ. ಎರಡು ನಿಮಿಷ ಕುಳಿತಿರಿ. ಹೆಸರು ಬಾರದಿದ್ದರೆ ‘ಸೊಸೆ’, ‘ಮೀಸೆಯ ಸಾಹುಕಾರ’ ಎಂದು ಬರೆದು ಪಕ್ಕದಲ್ಲಿ ಗೆರೆ ಎಳೆದು ಜಾಗ ಬಿಡಿ. ಬರೆದು ಮುಗಿದ ಮೇಲೆ ಪುಸ್ತಕ ತೆರೆದು ಆ ಜಾಗವನ್ನಷ್ಟೇ ತುಂಬಿ. ಅಧ್ಯಾಯವನ್ನು ಮತ್ತೆ ಓದಲು ಕೂರಬೇಡಿ.

ಮರುದಿನ ಓದು ಶುರು ಮಾಡುವ ಮುನ್ನ ಹಾಳೆಯನ್ನೂ ನೋಡದೆ ನಿನ್ನೆಯದನ್ನು ಬಾಯಲ್ಲಿ ಹೇಳಿಕೊಳ್ಳಿ, ಆಮೇಲೆ ಹಾಳೆ ನೋಡಿ. ಆ ಶಿಕ್ಷಕಿ ಇದೊಂದನ್ನೇ ಹಿಡಿದುಕೊಂಡರು. ಮತ್ತೆ ಮೊದಲ ಪುಟಕ್ಕೆ ಹೋಗುವುದು ನಿಂತಿತು. ಐದು ವಾರದಲ್ಲಿ ಪುಸ್ತಕ ಮುಗಿಯಿತು.

ಪಾತ್ರಗಳು ಹೆಚ್ಚಿರುವ ಕಾದಂಬರಿಗೆ ಅದೇ ಹಾಳೆಯ ಹಿಂಬದಿಯಲ್ಲಿ ಮನೆವಾರು ಹೆಸರು ಬರೆದುಕೊಳ್ಳಿ. ಅರವತ್ತು ಪುಟ ಕಳೆದರೂ ಹಿಡಿಸದ ಪುಸ್ತಕವನ್ನು ಬಿಟ್ಟುಬಿಡಿ. ಸಾರಾಂಶ ಹೇಳುವ ವಿಡಿಯೋಗಳನ್ನು ಓದುವ ಮುನ್ನ ನೋಡಲೇಬೇಡಿ.

ಮುಗಿಸಿದ ಒಂದು ವಾರಕ್ಕೆ ಮನೆಯವರಿಗೋ ಗೆಳೆಯರಿಗೋ ಕಥೆಯನ್ನು ಹತ್ತು ನಿಮಿಷ ಹೇಳಿ. ಎಲ್ಲಿ ತಡವರಿಸಿದಿರೋ ಆ ಅಧ್ಯಾಯದ ಮೂರು ಸಾಲನ್ನು ಮಾತ್ರ ತೆಗೆದು ನೋಡಿ. ಪುಸ್ತಕ ಗ್ರಂಥಾಲಯದ್ದಾಗಿದ್ದರೆ ಹಿಂತಿರುಗಿಸುವ ಮುನ್ನ ಹಾಳೆಯನ್ನು ತೆಗೆದಿಟ್ಟುಕೊಳ್ಳಿ. ಮುಂದೆ ಓದುವವರಿಗೆ ಆ ತಂಗಿ ಮನೆ ಬಿಟ್ಟದ್ದೇಕೆಂದು ಮೊದಲೇ ತಿಳಿಯಬಾರದು.